ಮಿರ್ಚಿ ಮಂಡಕ್ಕಿ ಮತ್ತು ಮಂಜಣ್ಣನ ಬೆಡ್‌ರೂಮು

"ಹೆಡ್‌ಬೋರ್ಡಿಗೆ ಗುಂಡಿ ಇರಲೋ ಬೇಡವೋ?"

ಬಾಯಲ್ಲಿ ಮಿರ್ಚಿ ಇಟ್ಟುಕೊಂಡೇ ಮಂಜಣ್ಣ ಕೇಳಿದ. ದಾವಣಗೆರೆಯ ರಾಮ್ ಅಂಡ್ ಕೋ ಸರ್ಕಲ್ ಹತ್ತಿರ ಸಂಜೆ ಸೇರುವ ನಮ್ಮ ಗುಂಪಿನಲ್ಲಿ ಅಡಿಕೆ ರೇಟು, ಭದ್ರಾ ಡ್ಯಾಮಿನ ನೀರು, ಯಾರ ಮಗನಿಗೆ ಎಲ್ಲಿ ಹೆಣ್ಣು ನೋಡಿದರು ಅನ್ನೋದು ಬಿಟ್ಟರೆ ಬೇರೆ ವಿಷಯ ಬರುವುದೇ ಕಮ್ಮಿ. ಗುಂಡಿ ಅಂದರೆ ನಮಗೆ ಗೊತ್ತಿರುವುದು ಎರಡೇ. ಒಂದು ಅಂಗಿಯದು, ಇನ್ನೊಂದು ರಸ್ತೆಯದು. ಮಂಚದ ತಲೆಗೂ ಗುಂಡಿ ಇರುತ್ತೆ ಅಂತ ಅವತ್ತೇ ಗೊತ್ತಾಗಿದ್ದು.

ಮಂಜಣ್ಣ ನಿಟುವಳ್ಳಿಯ ತನ್ನ ಮನೆಯ ಬೆಡ್‌ರೂಮನ್ನು ಹೊಸದು ಮಾಡಿಸಲು ಹೊರಟಿದ್ದಾನೆ. ಬೆಂಗಳೂರಿನಲ್ಲಿ ಷಡ್ಡಕನ ಮನೆಯ ಗೃಹಪ್ರವೇಶಕ್ಕೆ ಹೋಗಿ ಬಂದ ಮೇಲೆ ಹತ್ತಿದ ಜ್ವರ ಇದು. ಯಾರೋ ಡಿಸೈನರ್ ಮಾಡಿಕೊಟ್ಟ ತ್ರೀಡಿ ಫೋಟೋವನ್ನು ಫೋನಿನಲ್ಲಿ ತೋರಿಸಿದ. ಬೂದು ಬಣ್ಣದ ಗೋಡೆ. ಮಂಚದ ಮೇಲೆ ಏಳು ದಿಂಬು. ಪಕ್ಕದ ಟೇಬಲ್ ಮೇಲೊಂದು ಪುಸ್ತಕ, ಪುಸ್ತಕದ ಮೇಲೊಂದು ಕನ್ನಡಕ, ಜೊತೆಗೆ ಬಟ್ಟಲು ತುಂಬ ಕಿತ್ತಳೆ ಹಣ್ಣು. ಹುಡುಕಿದರೂ ಒಂದು ಚಾರ್ಜರ್ ವೈರ್ ಇಲ್ಲ, ಸೊಳ್ಳೆ ಪರದೆ ಇಲ್ಲ, ಮಂಡಿನೋವಿನ ಎಣ್ಣೆ ಬಾಟಲಿ ಇಲ್ಲ.

"ಕನ್ನಡಕ ಯಾರದು?" ಅಂದರು ಹಾಲಪ್ಪಜ್ಜ.

"ಯಾರದೂ ಅಲ್ಲ ಅಜ್ಜಾ. ಡೆಕೋರೇಷನ್ನು."

"ಮತ್ತೆ ಹಣ್ಣು? ರಾತ್ರಿ ಹಸಿವಾದರೆ ಒಂದು ಮಂಡಕ್ಕಿ ಡಬ್ಬಿ ಇಟ್ಟುಕೊಂಡರೆ ಆಗಲ್ವಾ?"

"ಅಜ್ಜಾ, ಹಣ್ಣು ಬಿಡಿ. ಈ ಏಳು ದಿಂಬನ್ನು ರಾತ್ರಿ ಎಲ್ಲಿಡ್ತೀಯ ಅಂತ ಕೇಳಿ," ಅಂದೆ ನಾನು.

"ಕುರ್ಚಿ ಮೇಲೆ," ಅಂದ ಮಂಜಣ್ಣ.

ಆ ಕುರ್ಚಿ ನಮಗೆಲ್ಲ ಗೊತ್ತು. ಒಮ್ಮೆ ಉಟ್ಟ, ಇನ್ನೂ ಒಗೆಯುವಷ್ಟು ಕೊಳೆಯಾಗದ ಬಟ್ಟೆಗಳು ಅದರ ಮೇಲೆ ಖಾಯಂ ಬಾಡಿಗೆಗಿವೆ. ಅದರ ಮೇಲೆ ಮನುಷ್ಯರು ಕೂತಿದ್ದನ್ನು ನಾನಂತೂ ನೋಡಿಲ್ಲ.

ಬಸವರಾಜ ಕಾಂಟ್ರಾಕ್ಟರ್. ಅವನಿಗೆ ಫೋಟೋದ ಮೇಲೆ ನಂಬಿಕೆ ಇಲ್ಲ, ಟೇಪಿನ ಮೇಲೆ ಮಾತ್ರ. "ಲೇ, ರೂಮು ಎಷ್ಟು?"

"ಹತ್ತು ಹನ್ನೆರಡು."

"ಮಂಚ?"

"ಆರು ಆರೂವರೆ. ಕಿಂಗ್ ಸೈಜು."

ಬಸವರಾಜ ಮಂಡಕ್ಕಿ ಪೇಪರನ್ನು ಬಿಡಿಸಿ ಮೇಜಿನ ಮೇಲೆ ಹಾಸಿದ. ಅದು ರೂಮು. ನಡುವೆ ಒಂದು ಮಿರ್ಚಿ ಇಟ್ಟ. ಅದು ಮಂಚ. "ಹತ್ತಡಿಯಲ್ಲಿ ಆರಡಿ ಹೋಯ್ತು. ಆ ಕಡೆ ಎರಡು, ಈ ಕಡೆ ಎರಡು. ಇಲ್ಲಿ ನಿನ್ನ ಬೀರು," ಅಂತ ಒಂದು ಈರುಳ್ಳಿ ಚೂರನ್ನು ಮಿರ್ಚಿಯ ಪಕ್ಕಕ್ಕೆ ತಳ್ಳಿದ. "ಬೀರು ಇಪ್ಪತ್ತು ಇಂಚು ದಪ್ಪ. ಉಳಿದದ್ದು ನಾಲ್ಕು ಇಂಚು. ಬಾಗಿಲು ಹೆಂಗೆ ತೆಗೀತೀಯ?"

"ತೆಗೆಯಲ್ಲ."

ನಿಜ. ಬೀರುವಿನ ಬಾಗಿಲು ಮಂಚಕ್ಕೆ ಬಡಿದು ಒಂದು ಕೈ ತೂರುವಷ್ಟೇ ತೆರೆಯುತ್ತದಂತೆ. ಅವನ ಹೆಂಡತಿ ಸುಜಾತಕ್ಕ ಮಂಚದ ಮೇಲೆ ಮಂಡಿಯೂರಿ, ಸಂದಿಯಲ್ಲಿ ಕೈ ತೂರಿಸಿ, ಕಣ್ಣು ಮುಚ್ಚಿ ತಡಕಾಡುತ್ತಾರೆ. ಬೆರಳಿಗೆ ಸಿಕ್ಕಿದ ಸೀರೆ ಅವತ್ತಿನ ಸೀರೆ. ಹಿಂದಿನ ಶ್ರಾವಣದಲ್ಲಿ ಮೊಳಕಾಲ್ಮೂರು ರೇಷ್ಮೆ ಉಡಬೇಕು ಅಂತ ಹುಡುಕಿದವರಿಗೆ ಸಿಕ್ಕಿದ್ದು ಮಂಜಣ್ಣನ ಮದುವೆಯ ಸೂಟಂತೆ.

"ಮಂಚದ ಕಾಲ ಬುಡಕ್ಕೆ ಐದೂವರೆ ಅಡಿ ಜಾಗ ಇದೆಯಲ್ಲ, ಬೀರು ಅಲ್ಲಿಗೆ ಹಾಕು," ಅಂದರು ನಾಗರಾಜ ಮೇಷ್ಟ್ರು.

"ಅಲ್ಲಿ ಅಕ್ಕಿ ಚೀಲ ಇದೆ ಸಾರ್. ಮಲೇಬೆನ್ನೂರಿಂದ ಅಣ್ಣ ಕಳಿಸಿದ್ದು. ಮನೆಯಲ್ಲಿ ಇಲಿ ಬರದ ಜಾಗ ಅದೊಂದೇ. ಅದರ ಪಕ್ಕ ಹೊಲಿಗೆ ಮಿಷನ್ನು."

ನನ್ನ ಅಭಿಪ್ರಾಯ ಕೇಳಿದರೆ, ದಾವಣಗೆರೆಯಲ್ಲಿ ಬೆಡ್‌ರೂಮ್ ಅನ್ನೋದೇ ಇಲ್ಲ. ಇರುವುದೆಲ್ಲ ಸಾಮಾನಿನ ಕೋಣೆ. ಸಾಮಾನಿಗೆ ತೊಂದರೆ ಆಗದ ಹಾಗೆ ರಾತ್ರಿ ನಾವು ಹೋಗಿ ಮಲಗುತ್ತೇವೆ, ಅಷ್ಟೇ. ಇದನ್ನು ಹೇಳಿದೆ. ಯಾರೂ ಒಪ್ಪಲಿಲ್ಲ, ಆದರೆ ಎಲ್ಲರೂ ತಮ್ಮ ತಮ್ಮ ಮಂಚದ ಬಾಕ್ಸಿನಲ್ಲಿ ಏನಿದೆ ಅಂತ ಹೇಳತೊಡಗಿದರು. ಮೇಷ್ಟ್ರ ಮನೆಯದರಲ್ಲಿ ಹಳೆಯ ಉತ್ತರ ಪತ್ರಿಕೆ. ಬಸವರಾಜನ ಮನೆಯದರಲ್ಲಿ ಮದುವೆಗೆ ಬಂದ ಸ್ಟೀಲ್ ಕೊಡಗಳು. ಅವನ ಮಗಳಿಗೆ ಈಗ ಮದುವೆ ವಯಸ್ಸು, ಕೊಡಗಳಿಗೆ ಇನ್ನೂ ಲೇಬಲ್ ಕಿತ್ತಿಲ್ಲ.

"ಒಂದು ಕೆಲಸ ಮಾಡು," ಅಂದ ಬಸವರಾಜ. "ಮಂಚ ಕ್ವೀನ್ ಸೈಜ್ ಮಾಡು. ಐದು ಆರೂವರೆ. ಆ ಕಡೆ ಅರ್ಧ, ಈ ಕಡೆ ಅರ್ಧ ಅಡಿ ಜಾಸ್ತಿ ಸಿಗುತ್ತೆ. ಬೀರು ಈ ಮೂಲೆಗೆ..." ಪೇಪರ್ ನೋಡಿದ. "ಬೀರು ಎಲ್ಲಿ?"

"ಖಾರ ಹತ್ತಿತ್ತು, ತಿಂದೆ," ಅಂದರು ಹಾಲಪ್ಪಜ್ಜ.

ಇಷ್ಟು ಸಲೀಸಾಗಿ ಬೀರು ಸಾಗಿದ್ದನ್ನು ಮಂಜಣ್ಣ ಅಸೂಯೆಯಿಂದ ನೋಡಿದ.

ಮಾತು ಬಣ್ಣಕ್ಕೆ ಬಂತು. ಪೇಂಟರ್ 20 ಲೀಟರಿನ ಬಕೆಟ್ ತರಿಸಿ ಅಂದಿದ್ದಾನಂತೆ. ಬಸವರಾಜ ಹಣೆ ಚಚ್ಚಿಕೊಂಡ. "ನಾಲ್ಕು ಗೋಡೆ ಸೇರಿ 440 ಚದರಡಿ. ಬಾಗಿಲು ಕಿಟಕಿ ಬಿಟ್ಟರೆ 400. ಎರಡು ಕೋಟ್ ಬಳಿಯೋಕೆ ಲೀಟರಿಗೆ ಐವತ್ತು ಚದರಡಿ ಅಂತ ಹಿಡಿದರೂ ಎಂಟು ಲೀಟರ್ ಸಾಕು. ಉಳಿದ ಹನ್ನೆರಡರಲ್ಲಿ ಹಾಲ್, ಅಡುಗೆಮನೆ, ತುಳಸಿಕಟ್ಟೆ ಎಲ್ಲಾ ಬೂದಿ ಬಣ್ಣ ಆಗುತ್ತೆ ನೋಡು. ಬಂದವರು ಯಾರು ಹೋದರು ಅಂತ ಕೇಳಬೇಕು."

ಷೇಡ್ ಕಾರ್ಡ್ ನೋಡಿ ಬಣ್ಣ ಆರಿಸಬೇಡ ಅಂತಲೂ ಹೇಳಿದ. ಸಣ್ಣ ಡಬ್ಬಿ ತಂದು, ಗೋಡೆ ಮೇಲೆ ಎರಡಡಿ ಚೌಕ ಬಳಿದು, ಮಧ್ಯಾಹ್ನದ ಬೆಳಕಲ್ಲಿ ಒಮ್ಮೆ, ರಾತ್ರಿ ಲೈಟಲ್ಲಿ ಒಮ್ಮೆ ನೋಡಬೇಕಂತೆ. ಕಾರ್ಡಿನಲ್ಲಿ ಬೆರಳುಗುರಿನಷ್ಟು ಇದ್ದಾಗ ತೆಳುವಾಗಿ ಕಾಣುವ ಬಣ್ಣ ನಾಲ್ಕು ಗೋಡೆಗೂ ಬಂದರೆ ಗಾಢವಾಗಿಬಿಡುತ್ತೆ. ಇನ್ನು ಬೀರುವಿನ ಹಿಂದೆ ಗೋಡೆ ಉಬ್ಬಿದೆಯಲ್ಲ, ಅಲ್ಲಿಗೆ ವಾಲ್‌ಪೇಪರ್ ಹಾಕಿದರಾಯ್ತು ಅಂದ ಮಂಜಣ್ಣನಿಗೆ ಸರಿಯಾಗಿ ಬೈದ. ಆ ಗೋಡೆಯ ಆಚೆ ಬಾತ್‌ರೂಮಿನ ಪೈಪು ಸೋರುತ್ತಿದೆ. ಮೊದಲು ಪೈಪು, ಆಮೇಲೆ ಗೋಡೆ ಒಣಗಬೇಕು, ಆಮೇಲೆ ಪುಟ್ಟಿ, ಪ್ರೈಮರ್, ಬಣ್ಣ. ಒದ್ದೆ ಗೋಡೆಗೆ ಪೇಪರ್ ಅಂಟಿಸಿದರೆ ಒಳಗೊಳಗೇ ಬೂಷ್ಟು ಬೆಳೆಯುತ್ತೆ.

ವಾಸ್ತು ವಿಷಯ ಬೇಗ ಮುಗೀತು. ತಲೆ ದಕ್ಷಿಣಕ್ಕೆ ಅಂತ ಎಲ್ಲರೂ ಒಪ್ಪಿದರು. ಸ್ವಿಚ್ ಬೋರ್ಡ್ ಇರುವುದು ಉತ್ತರದ ಗೋಡೆಗೆ. ಹಾಗಾಗಿ ಫೋನ್ ಉತ್ತರಕ್ಕೆ ತಲೆ ಹಾಕಿ ಮಲಗಲಿ ಅಂತ ತೀರ್ಮಾನವಾಯಿತು.

ಆಮೇಲೆ ಮಂಜಣ್ಣ ಬೆಡ್‌ಶೀಟಿನ ಮಾತು ಎತ್ತಿದ. ಆನ್‌ಲೈನಿನಲ್ಲಿ ಸಾವಿರ ಥ್ರೆಡ್ ಕೌಂಟಿನ ಶೀಟು ಸಿಗುತ್ತಿದೆ, ತರಿಸಬೇಕು ಅಂದ. ಮಂಡಕ್ಕಿ ಮುಕ್ಕುತ್ತಿದ್ದ ಹಾಲಪ್ಪಜ್ಜ ತಲೆ ಎತ್ತಿದರು. ಅಜ್ಜ ಇಲ್ಲಿನ ಹತ್ತಿ ಮಿಲ್ಲಿನಲ್ಲಿ ಸ್ಪಿನ್ನಿಂಗಿನಲ್ಲಿ ದುಡಿದವರು. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲ ಅದು. ಮಿಲ್ಲಿನ ಸದ್ದಿಗೆ ಅವರ ಒಂದು ಕಿವಿ ಮಂದ. ನೂಲಿನ ಮಾತು ಮಾತ್ರ ಆ ಕಿವಿಗೂ ಕೇಳುತ್ತೆ.

"ಏನು ಸಾವಿರ?"

"ದಾರ ಅಜ್ಜಾ. ಒಂದು ಚದರ ಇಂಚಿನಲ್ಲಿ ಸಾವಿರ ದಾರ."

"ಉದ್ದಕ್ಕೆ ಹಾಸು ಎಷ್ಟು, ಅಡ್ಡಕ್ಕೆ ಹೊಕ್ಕು ಎಷ್ಟು?"

ಮಂಜಣ್ಣ ಫೋನ್ ನೋಡಿದ. ಅದರಲ್ಲಿ ಬರೆದಿರಲಿಲ್ಲ.

"ಕೇಳಿಲ್ಲಿ. ನಲವತ್ತರ ನೂಲು ಅಂದರೆ ಒಂದು ಪೌಂಡಿಗೆ 840 ಗಜದ ನಲವತ್ತು ಲಡಿ ಬರಬೇಕು. ಆ ಒಂದು ಪೌಂಡ್ ನೂಲಿನ ತುದಿ ಹಿಡಿದು ಇಲ್ಲಿಂದ ಹರಿಹರಕ್ಕೆ ಹೋಗಿ ವಾಪಸ್ ಬಂದರೂ ಇನ್ನೂ ಉಳೀತದೆ. ಅಂಥ ನೂಲಲ್ಲೂ ಇಂಚಿಗೆ ಸಾವಿರ ತುರುಕೋದಕ್ಕೆ ಆಗಲ್ಲ, ಜಾಗ ಎಲ್ಲೈತೆ? ಸಣ್ಣ ಎಳೆ ಎರಡೋ ಮೂರೋ ಸೇರಿಸಿ ಹುರಿ ಮಾಡ್ತಾರೆ, ಒಂದೊಂದು ಎಳೆಯನ್ನೂ ಬೇರೆ ಬೇರೆ ಎಣಿಸ್ತಾರೆ. ಅದು ನೇಯ್ಗೆ ಅಲ್ಲ, ಲೆಕ್ಕ ಬರೆಯೋನ ಚಾಲಾಕಿ."

ಮಂಜಣ್ಣನ ಅಂಗಿಯ ತುದಿಯನ್ನು ಹಿಡಿದು, ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ, ದೀಪದ ಕಡೆ ಎತ್ತಿ ನೋಡಿದರು. "ಇದರಲ್ಲಿ ಅರ್ಧ ಪಾಲಿಯೆಸ್ಟರ್ ಐತೆ," ಅಂತ ಬಿಟ್ಟರು. ಇನ್ನೂರರಿಂದ ನಾಲ್ಕುನೂರರೊಳಗಿನ ಒಂಟಿ ಎಳೆಯ ಹತ್ತಿ ಬಟ್ಟೆ ನಮ್ಮ ಸೆಕೆಗೆ ಧಾರಾಳ ಸಾಕು, ಗಾಳಿ ಆಡುತ್ತೆ, ಒಗೆದಷ್ಟೂ ಮೆತ್ತಗಾಗುತ್ತೆ ಅನ್ನೋದು ಅವರ ತೀರ್ಪು. ಅದಕ್ಕೆ ಅಪೀಲು ಇರಲಿಲ್ಲ.

ಸೆಕೆ ಅಂದ ತಕ್ಷಣ ಮೇಷ್ಟ್ರು ಎದ್ದು ಕೂತರು. ಫಿಸಿಕ್ಸ್ ಮೇಷ್ಟ್ರು, ನಿವೃತ್ತರಾದರೂ ಪಾಠ ಬಿಟ್ಟಿಲ್ಲ. "ಮಂಜಣ್ಣ, ನಿನ್ನ ರೂಮಿನ ಮೇಲೆ ಬರೀ ತಾರಸಿ. ಪಶ್ಚಿಮದ ಗೋಡೆ ಬೇರೆ. ಹಗಲೆಲ್ಲ ಕಾಂಕ್ರೀಟು ಬಿಸಿಲು ಕುಡಿಯುತ್ತೆ, ರಾತ್ರಿ ನಿನ್ನ ಮೇಲೆ ಬಿಡುತ್ತೆ. ನೀನು ಮಲಗಿರೋದು ದೋಸೆ ಹಂಚಿನ ಕೆಳಗೆ. ಫ್ಯಾನ್ ಹಾಕಿದರೆ ಆ ಬಿಸಿಯೇ ಇಳಿದು ಬರುತ್ತೆ. ಮೊದಲು ತಾರಸಿಗೆ ಬಿಳಿ ಬಳಿಸು. ಆಮೇಲೆ ಕಿಟಕಿಗೆ ದಪ್ಪ ಪರದೆ, ಒಳಗೆ ಅಸ್ತರು ಇರಲಿ. ಪರದೆ ಬಟ್ಟೆ ಕಿಟಕಿಯ ಎರಡರಷ್ಟು ಅಗಲ ಬೇಕು. ನಾಲ್ಕಡಿ ಕಿಟಕಿಗೆ ನಾಲ್ಕಡಿ ಬಟ್ಟೆ ತಂದರೆ ಪರದೆ ಆಗಲ್ಲ, ಟವೆಲ್ ನೇತುಹಾಕಿದಂತಾಗುತ್ತೆ."

"ಎಸಿ ಇದೆ ಸಾರ್. ಒಂದು ಟನ್ನು."

"ಮೇಲೆ ತಾರಸಿ, ಪಕ್ಕದಲ್ಲಿ ಪಶ್ಚಿಮದ ಬಿಸಿಲು. ಒಂದೂವರೆ ಬೇಕಿತ್ತು. ಎಷ್ಟಕ್ಕೆ ಇಡ್ತೀಯ?"

"ಹದಿನೆಂಟು."

ಮೇಷ್ಟ್ರು ನೊಂದುಕೊಂಡರು. 2020ರಿಂದ ಹೊಸ ಎಸಿಗಳೆಲ್ಲ 24 ಡಿಗ್ರಿಗೇ ಆನ್ ಆಗಬೇಕು ಅಂತ ಸರ್ಕಾರವೇ ನಿಯಮ ಮಾಡಿದೆ, ಒಂದೊಂದು ಡಿಗ್ರಿ ಏರಿಸಿದರೂ ಸುಮಾರು ಶೇಕಡ 6ರಷ್ಟು ಕರೆಂಟ್ ಉಳಿಯುತ್ತೆ ಅಂತ ಕೇಂದ್ರ ಸರ್ಕಾರದ ಇಂಧನ ಉಳಿತಾಯದ ಸಂಸ್ಥೆ ಬಿಇಇಯವರು ಹೇಳುತ್ತಾರೆ, ಇವನು ಹದಿನೆಂಟಕ್ಕೆ ಇಟ್ಟು ಮೇಲೆ ಎರಡು ರಗ್ಗು ಹೊದ್ದುಕೊಳ್ಳುತ್ತಾನೆ. ಲೈಟಿನ ವಿಷಯದಲ್ಲೂ ಹಾಗೇ. 6500 ಕೆಲ್ವಿನ್ನಿನ ಬೆಳ್ಳನೆ ಟ್ಯೂಬು ಆಪರೇಷನ್ ಥಿಯೇಟರಿಗೆ ಸರಿ, ಮಲಗುವ ಕೋಣೆಗೆ 2700ರಿಂದ 3000ದ ಹಳದಿ ಬೆಳಕು ಇರಲಿ ಅಂದರು. ಅದರಲ್ಲಿ ಸುಜಾತಕ್ಕನಿಗೆ ಸೀರೆ ಬಣ್ಣ ಗೊತ್ತಾಗಲ್ಲ ಅಂದ ಮಂಜಣ್ಣ. ಹೇಗೂ ಕಣ್ಣು ಮುಚ್ಚಿಯೇ ತೆಗೆಯುತ್ತಾರಲ್ಲ ಅಂದೆ.

ಅಷ್ಟೊತ್ತೂ ಸುಮ್ಮನಿದ್ದ ರಾಜಾಸಾಬ್ ಬಾಯಿ ಬಿಟ್ಟ. ಮಂಜಣ್ಣನ ಹೈಸ್ಕೂಲ್ ಗೆಳೆಯ, ಗಾದಿ ಅಂಗಡಿ ಇಟ್ಟಿದ್ದಾನೆ. "ಮಲಗೋದು ಯಾವುದರ ಮೇಲೆ?"

"ಮೆಮೊರಿ ಫೋಮು. ನಮ್ಮ ಮೈಯ ಆಕಾರ ನೆನಪಿಟ್ಟುಕೊಳ್ಳುತ್ತಂತೆ."

"ನಿನ್ನ ಆಕಾರ ನೆನಪಿಟ್ಟುಕೊಂಡು ಅದು ಏನು ಮಾಡಬೇಕೋ ಮಾರಾಯ? ಮೈಗೆ ಅಂಟಿಕೊಳ್ಳುತ್ತೆ, ಮೈಬಿಸಿ ಹೊರಗೆ ಹೋಗೋಕೆ ಬಿಡಲ್ಲ. ಚಳಿ ಊರಿಗೆ ಚೆನ್ನ. ಏಪ್ರಿಲ್ ತಿಂಗಳ ದಾವಣಗೆರೆಗೆ ಹತ್ತಿ ಗಾದಿಯೇ ಸೈ."

ಅವನಿಗೆ ಅಪ್ಪನ ನೆನಪಾಯಿತು. ಅವರಪ್ಪ ಆಳೆತ್ತರದ ಬಿಲ್ಲು ಹೆಗಲಿಗೆ ಹಾಕಿಕೊಂಡು ಓಣಿ ಓಣಿ ತಿರುಗುತ್ತಿದ್ದರು. ಮನೆ ಅಂಗಳದಲ್ಲಿ ಹಳೆ ಗಾದಿ ಬಿಚ್ಚಿ, ಗಂಟು ಕಟ್ಟಿದ ಹತ್ತಿಯನ್ನು ಬಿಲ್ಲಿನ ನಾರಿಗೆ ಕೊಟ್ಟು ಮರದ ಕೊಡತಿಯಲ್ಲಿ ಮೀಟಿದರೆ ಠಂಯ್ ಠಂಯ್ ಅಂತ ಸದ್ದು. ಒಂದು ಹಿಡಿ ಹತ್ತಿ ಒಂದು ಬುಟ್ಟಿ ಆಗುತ್ತಿತ್ತು. ಸಂಜೆ ಮನೆಗೆ ಬಂದಾಗ ಹುಬ್ಬು, ರೆಪ್ಪೆ, ಮೀಸೆ ಎಲ್ಲ ಬೆಳ್ಳಗೆ. ಮುದುಕನಾದ ಮೇಲೂ ನನ್ನ ಮುಖ ಬದಲಾಗಲ್ಲ ನೋಡು ಅಂತ ಅವ್ವನಿಗೆ ತಮಾಷೆ ಮಾಡುತ್ತಿದ್ದರಂತೆ. ಈಗ ರಾಜಾಸಾಬನ ಅಂಗಡಿಯಲ್ಲಿ ಮಿಷನ್ನೇ ಹತ್ತಿ ಬಿಡಿಸುತ್ತೆ. ದಿಂಬಿಗೆ ಹಗುರವಾದ ಬೂರುಗದ ಹತ್ತಿ, ಗಾದಿಗೆ ನಮ್ಮ ಮಾಮೂಲಿ ಹತ್ತಿ, ಆಗಾಗ ಬಿಸಿಲಿಗೆ ಹಾಕಬೇಕು, ಗಟ್ಟಿಯಾದರೆ ಬಿಚ್ಚಿಸಿ ಮತ್ತೆ ಹೊಲಿಸಬೇಕು. "ಫೋಮು ಹಾಳಾದರೆ ಎಸೀಬೇಕು, ಹತ್ತಿ ಹಾಳಾಗಲ್ಲ," ಅಂದ.

"ಇಷ್ಟೆಲ್ಲ ಸರಿ," ಅಂದರು ಹಾಲಪ್ಪಜ್ಜ. "ಆ ರೂಮಲ್ಲಿ ಮಲಗೋರು ಯಾರು?"

ಮಂಜಣ್ಣ ಲೆಕ್ಕ ಹಾಕಿದ. "ಅವ್ವ, ಸುಜಾತ, ಇಬ್ಬರು ಮಕ್ಕಳು. ಎಸಿ ಇರೋದು ಅದೊಂದೇ ರೂಮಿಗಲ್ವಾ. ಅವ್ವನಿಗೆ ಎಸಿ ಆಗಲ್ಲ ಅಂತಿದ್ದಳು, ಈಗ ರಿಮೋಟು ಅವಳ ದಿಂಬಿನ ಕೆಳಗೇ ಇರುತ್ತೆ."

"ಮತ್ತೆ ನೀನು?"

"ನಾನು ಗೊರಕೆ ಹೊಡೀತೀನಿ ಅಂತ... ಹಾಲಲ್ಲಿ. ದಿವಾನಿನ ಮೇಲೆ."

ಬಸವರಾಜ ಪೇಪರಿನ ಮೇಲಿದ್ದ ಮಂಚವನ್ನು ಎತ್ತಿ ಬಾಯಿಗೆ ಹಾಕಿಕೊಂಡ. ಹೆಡ್‌ಬೋರ್ಡು, ಪರದೆ, ಹಳದಿ ಬೆಳಕು, ಕ್ವೀನ್ ಸೈಜು, ಎಲ್ಲವನ್ನೂ ನಾವು ಯಾರಿಗಾಗಿ ಚರ್ಚಿಸಿದೆವೋ ಆ ಮನುಷ್ಯ ಹಾಲಿನಲ್ಲಿ ಹಳ್ಳ ಬಿದ್ದ ಗಾದಿಯ ಮೇಲೆ, ಟಿವಿಯ ಕೆಂಪು ಲೈಟು ನೋಡುತ್ತ ಮಲಗುತ್ತಿದ್ದಾನೆ.

"ಹಾಗಾದರೆ ಮೊದಲು ದಿವಾನಿಗೆ ಒಂದು ಗಾದಿ ಮಾಡಿಸಪ್ಪ," ಅಂದರು ಮೇಷ್ಟ್ರು. ರಾಜಾಸಾಬ್ ಆಗಲೇ ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡ. ಗಾದಿ, ಒಂದು. ಅಳತೆ?

ಮಂಜಣ್ಣನಿಗೆ ಗೊತ್ತಿರಲಿಲ್ಲ. ಸುಜಾತಕ್ಕನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ.

"ಎರಡೂವರೆ ಆರು," ಅಂದರು ಅಕ್ಕ. "ಗಾದಿ ಮಾಡಿಸ್ತಿದ್ದೀರಾ? ಒಳ್ಳೇದಾಯ್ತು ರೀ. ಹುಬ್ಬಳ್ಳಿಯಿಂದ ನನ್ನ ತಮ್ಮನ ಮನೆಯವರು ರಜೆಗೆ ಬರ್ತಿದ್ದಾರೆ, ಈಗಷ್ಟೇ ಫೋನ್ ಬಂತು. ಎಸಿ ರೂಮು ಅವರಿಗೆ ಬಿಟ್ಟುಕೊಡೋಣ. ನಾವೆಲ್ಲ ಹಾಲಲ್ಲೇ. ನೆಲಕ್ಕೆ ಹಾಸೋಕೆ ಇನ್ನೂ ನಾಲ್ಕು ಹೇಳಿಬಿಡಿ."

ರಾಜಾಸಾಬ್ ಒಂದನ್ನು ಹೊಡೆದು ಐದು ಅಂತ ತಿದ್ದಿದ. "ಒಂದಾಗಿದ್ದರೆ ಗೆಳೆತನದಲ್ಲಿ ನಡೀತಿತ್ತು," ಅಂದ. "ಐದಕ್ಕೆ ಅಡ್ವಾನ್ಸ್ ಬೇಕು."