ನಾಲ್ಕು ಹಸು ಕಟ್ಟುವ ಮೊದಲು ಹುಲ್ಲಿನ ಮೆದೆ ನೋಡು

ಪುಟ್ಟೀ, ನಿನ್ನ ಮೆಸೇಜ್ ಈಗ ನೋಡಿದೆ. ಅಳಿಯಂದಿರೂ ಕೇಳಿಸಿಕೊಳ್ಳಲಿ ಅಂತ ಗ್ರೂಪಿಗೇ ಹಾಕುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ನಿಧಾನವಾಗಿ ಕೇಳಿ. "ದೊಡ್ಡಮ್ಮ, ಬೇಸಿಗೆಯಲ್ಲಿ ಹೊಲ ಖಾಲಿ, ನಿಮಗೆ ಬಿಡುವು ತಾನೇ? ನಾವೂ ಎರಡು ಎಕರೆ ತಗೊಂಡು ನಾಲ್ಕು ಹಸು ಕಟ್ಟಿದರೆ ಅಂಗಡಿ ಹಂಗಿಲ್ಲದೆ ಬದುಕಬಹುದಾ?" ಅಂತ ಕೇಳಿದ್ದೀಯ. ನೀನು ಹೀಗೆ ಕೇಳಿದ್ದೇ ನನಗೆ ತುಂಬಾ ಖುಷಿ. ಆದರೆ ಬಿಡುವು ಅಂದೆಯಲ್ಲ, ಅದು ಮಾತ್ರ ಇಲ್ಲ. ನಮ್ಮ ತುಮಕೂರು ಜಿಲ್ಲೆ ಹುಳಿಯಾರು ಕಡೆ ವರ್ಷದ ಬದುಕು ತೀರ್ಮಾನ ಆಗುವುದೇ ಬೇಸಿಗೆಯಲ್ಲಿ.

ಮೊದಲು ಹುಲ್ಲಿನ ಲೆಕ್ಕ ಹೇಳುತ್ತೇನೆ. ಒಂದು ಹಸುವಿಗೆ ದಿನಕ್ಕೆ 6 ಕೆಜಿ ಒಣಹುಲ್ಲು ಅಂತ ಇಟ್ಟುಕೋ. ಸಂಕ್ರಾಂತಿಗೆ ಒಕ್ಕಣೆ ಮುಗಿದು ಮೆದೆ ಹಾಕಿದರೆ, ಮಳೆ ಬಿದ್ದು ಹಸಿರು ಕೈಗೆ ಸಿಗುವ ತನಕ ಆರು ತಿಂಗಳು. ಒಂದಕ್ಕೇ ಒಂದು ಟನ್ ದಾಟಿತು. ನಾಲ್ಕಕ್ಕೆ? ಎರಡು ಎಕರೆ ಖುಷ್ಕಿ, ಅಂದರೆ ಮಳೆ ನಂಬಿದ ರಾಗಿ ಹೊಲ ಒಳ್ಳೆ ಮಳೆ ವರ್ಷದಲ್ಲೂ ಅಷ್ಟು ಹುಲ್ಲು ಕೊಡುವುದು ಕಷ್ಟ. ನೀರು ಬೇರೆ. ಬಿಸಿಲಲ್ಲಿ ಒಂದು ದನ ದಿನಕ್ಕೆ 40–50 ಲೀಟರ್ ಕುಡಿಯುತ್ತದೆ. ಎಮ್ಮೆಗೆ ಕುಡಿಸಿದರೆ ಸಾಲದು, ಮೈಮೇಲೂ ಹುಯ್ಯಬೇಕು. ಅದಕ್ಕೆ ಬೆವರು ಕಡಿಮೆ, ಮೈ ಕಪ್ಪು, ಶಾಖ ತಡೆಯುವುದಿಲ್ಲ. ದಿನಕ್ಕೆ ಎರಡು ಸಲ ಮೈ ತೊಳೆಯದಿದ್ದರೆ ಸಂಜೆ ಹಾಲು ಇಳಿದುಹೋಗುತ್ತದೆ.

ಇದನ್ನು ನಾವು ಕಲಿತಿದ್ದು ಕಷ್ಟಪಟ್ಟು. 2023ರಲ್ಲಿ ಮಳೆ ಕೈಕೊಟ್ಟಿತಲ್ಲ, ರಾಜ್ಯದ 236 ತಾಲ್ಲೂಕಿನಲ್ಲಿ 223ನ್ನು ಬರಪೀಡಿತ ಅಂದರು. ಆ ವರ್ಷ ನಮ್ಮ ರಾಗಿ ಮೊಣಕಾಲುದ್ದಕ್ಕೇ ನಿಂತಿತು. ಶಿವರಾತ್ರಿ ಹೊತ್ತಿಗೆ ಮೆದೆ ಕರಗಿತು. ಎತ್ತುಗಳನ್ನು ಉಳಿಸಿಕೊಳ್ಳಬೇಕು ಅಂದರೆ ಎಮ್ಮೆ ಮಾರಲೇಬೇಕು ಅಂದರು ನಿಮ್ಮ ದೊಡ್ಡಪ್ಪ. ನನ್ನ ಕೈಯಲ್ಲೇ ಹುಟ್ಟಿದ ಎಮ್ಮೆ ಅದು. ಗಾಡಿಗೆ ಹತ್ತಿಸುವಾಗ ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಈಗಿರುವ ಎಮ್ಮೆ ಆಮೇಲೆ ತಂದದ್ದು. ಅವತ್ತಿನಿಂದ ಒಂದು ವರ್ಷದ ಹುಲ್ಲು ಹೆಚ್ಚಿಗೆ ಇಟ್ಟುಕೊಳ್ಳದೆ ಕೊಟ್ಟಿಗೆಗೆ ಹೊಸ ದನ ತರುವುದಿಲ್ಲ.

ನಮ್ಮಲ್ಲಿ ಈಗ ಎರಡು ನಾಟಿ ಹಸು, ಆಮೇಲೆ ತಂದ ಆ ಎಮ್ಮೆ, ಒಂದು ಜೊತೆ ಹಳ್ಳಿಕಾರ್ ಎತ್ತು, ಎಂಟು ಕುರಿ, ಕೋಳಿಗಳು. ನಾಲ್ಕು ಗಂಟೆಗೆ ಎದ್ದು ಮೊದಲು ಮೊಸರು ಕಡೆಯುತ್ತೇನೆ. ಬಿಸಿಲೇರಿದರೆ ಬೆಣ್ಣೆ ಕೂಡುವುದಿಲ್ಲ, ಕರಗಿ ಮಜ್ಜಿಗೆಯಲ್ಲೇ ನಿಲ್ಲುತ್ತದೆ. ಹತ್ತು ಗಂಟೆಯೊಳಗೆ ದನ ಮೇಯಿಸಿಕೊಂಡು ಬಂದು ಹುಣಸೆಮರದ ಕೆಳಗೆ ಕಟ್ಟಿಬಿಡುತ್ತೇವೆ. ಈ ಬಿಸಿಲಿಗೆ ಮೊಟ್ಟೆ ಕಡಿಮೆ. ಕಾವಿಗೆ ಕೂತ ಕೋಳಿಗೆ 21 ದಿನವೂ ತಂಪು ಜಾಗ ಬೇಕು, ಅಡುಗೆಮನೆ ಮೂಲೆಯಲ್ಲಿ ಬುಟ್ಟಿಗೆ ಮರಳು ಹಾಕಿ ಕೂರಿಸಿದ್ದೇನೆ. ಮಕ್ಕಳು ಬಂದಾಗ ಮರಿ ಆಗಿರುತ್ತವೆ.

ಹೊಲ ಖಾಲಿ ಅಂದೆಯಲ್ಲ, ಮೊನ್ನೆ ಮೂರು ರಾತ್ರಿ ಅಲ್ಲಿ ಕುರಿ ಮಂದೆ ನಿಲ್ಲಿಸಿದ್ದೆವು. ಕುರಿಯವರಿಗೆ ರಾಗಿ ಕೊಟ್ಟೆವು, ಹಿಕ್ಕೆ ಗಂಜಲ ಹೊಲಕ್ಕೆ ಬಿತ್ತು. ಅಂಥ ಗೊಬ್ಬರ ಯಾವ ಚೀಲದಲ್ಲೂ ಬರುವುದಿಲ್ಲ. ಕೆರೆ ಒಣಗಿದೆ, ಅದರ ಗೋಡು ಮಣ್ಣು ಹೊಲಕ್ಕೆ ಹೊಡೆಸುವುದೂ ಈಗಲೇ. ತಿಪ್ಪೆ ಗೊಬ್ಬರ ಸಾಗಿಸಬೇಕು. ಭರಣಿ ಮಳೆ ಏಪ್ರಿಲ್ ಕೊನೆಗೆ ಹುಟ್ಟುತ್ತದೆ. ಅದು ಬಿದ್ದ ಹದಕ್ಕೆ ಹೆಸರು, ಎಳ್ಳು ಬಿತ್ತದಿದ್ದರೆ ವರ್ಷದ ಬೇಳೆ ಎಣ್ಣೆ ಅಂಗಡಿಯಿಂದಲೇ. ಅವರೆ, ಹುರುಳಿ, ಅಲಸಂದೆ ಬಿತ್ತನೆ ಬೀಜ ಬಿಸಿಲಿಗೆ ಹರವಿ, ಬೂದಿ ಬೆರೆಸಿ ಕಟ್ಟಿ ಇಟ್ಟಿದ್ದೇನೆ. ರಾಗಿಯದು ಚಿಂತೆ ಇಲ್ಲ, ವರ್ಷಗಟ್ಟಲೆ ಇಟ್ಟರೂ ಸುಲಭಕ್ಕೆ ಹುಳ ಹತ್ತುವುದಿಲ್ಲ.

ಒಂದು ಮಾತು ಮರೆಯಬೇಡ, ದನ ಕಟ್ಟುವುದಾದರೆ ಇದು ಗೊತ್ತಿರಲೇಬೇಕು. ಮೊದಲ ಮಳೆಗೆ ಜೋಳದ ಕೂಳೆ, ಅಂದರೆ ಕೊಯ್ದು ಉಳಿದ ಬುಡ, ಚಿಗುರುತ್ತದೆ. ನೋಡಲು ಚೆಂದ, ದನ ಓಡಿ ಹೋಗುತ್ತದೆ. ಆ ಎಳೆ ಚಿಗುರಲ್ಲಿ ವಿಷ ಇರುತ್ತದೆ, ಹೊಟ್ಟೆ ತುಂಬ ಮೇಯ್ದರೆ ಸ್ವಲ್ಪ ಹೊತ್ತಿಗೇ ದನ ಬಿದ್ದುಹೋಗುತ್ತದೆ. ಹಗ್ಗ ಕೈಬಿಡಬಾರದು.

ಅಂಗಡಿ ಹಂಗು ಪೂರ್ತಿ ತಪ್ಪುವುದಿಲ್ಲ ಪುಟ್ಟೀ. ಉಪ್ಪು, ಟೀಪುಡಿ, ಬೆಲ್ಲ, ಬಟ್ಟೆ, ಔಷಧಿ ಎಲ್ಲ ಕೊಳ್ಳುವುದೇ. ಅದಕ್ಕೆ ದುಡ್ಡು ಕೊಡುವುದು ತೆಂಗು. ಅಟ್ಟದ ಮೇಲೆ ಕಾಯಿ ಹತ್ತು ಹನ್ನೊಂದು ತಿಂಗಳು ಇದ್ದು ಉಂಡೆ ಕೊಬ್ಬರಿ ಆದ ಮೇಲೆ ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೆ ಹಾಕುತ್ತೇವೆ. ನೀನು ಇವತ್ತು ಸಸಿ ನೆಟ್ಟರೆ ಆ ದುಡ್ಡು ನೋಡಲು ಏಳೆಂಟು ವರ್ಷ ಬೇಕು. ಅಲ್ಲಿಯ ತನಕ ಅಳಿಯಂದಿರು ಕೆಲಸ ಬಿಡುವುದು ಬೇಡ, ಇದು ನನ್ನ ಮನಸ್ಸಿನ ಮಾತು. ಜಮೀನು ತಗೊಳ್ಳಿ, ಆದರೆ ತಗೊಳ್ಳುವ ಮೊದಲು ಏಪ್ರಿಲ್‌ನಲ್ಲಿ ಹೋಗಿ ಬಾವಿ ನೋಡಿ. ಮಳೆಗಾಲದಲ್ಲಿ ಎಲ್ಲಾ ಬಾವಿಯಲ್ಲೂ ನೀರು ಇರುತ್ತದೆ. ಒಂದು ವರ್ಷ ರಾಗಿ ಬೆಳೆದು ಮೆದೆ ಹಾಕಿ. ಆಮೇಲೆ ಒಂದೇ ಹಸು ತನ್ನಿ. ಒಳ್ಳೆಯದನ್ನು ನಾನೇ ನೋಡಿ ಕೊಡಿಸುತ್ತೇನೆ.

ಈಗ ಸುಮ್ನೆ ಮಕ್ಕಳನ್ನು ಕರೆದುಕೊಂಡು ಒಂದು ತಿಂಗಳು ಬನ್ನಿ. ಹುಣಸೆಹಣ್ಣು ಬಡಿದು ಅಂಗಳದಲ್ಲಿ ರಾಶಿ ಹಾಕಿದ್ದೇವೆ. ಮಧ್ಯಾಹ್ನ ಅಕ್ಕಪಕ್ಕದವರೆಲ್ಲ ಬಂದು ಕುಟ್ಟಿ, ನಾರು ಬೀಜ ತೆಗೆಯುತ್ತಾರೆ. ಬಾಳಕದ ಮೆಣಸಿನಕಾಯಿಗೆ ಮಜ್ಜಿಗೆ ಹುಳಿ ಬರಿಸಿ ಇಟ್ಟಿದ್ದೇನೆ. ಮಧ್ಯಾಹ್ನಕ್ಕೆ ತಂಪು ಅಂಬಲಿ, ಈರುಳ್ಳಿ, ಮಾವಿನಕಾಯಿ ಉಪ್ಪಿನಕಾಯಿ. ಮಕ್ಕಳಿಗೆ ಹಳೆ ಚಪ್ಪಲಿ ಹಾಕಿಸು, ಹೊಲದ ತುಂಬ ಮುಳ್ಳು. ಬರುವಾಗ ಐದು ಕೆಜಿ ಕಲ್ಲುಪ್ಪು ತಗೊಂಡು ಬಾ, ಹುಣಸೆಹಣ್ಣು ಮಡಕೆಗೆ ತುಂಬಲು ಬೇಕು.