ಚೆಕ್‌ಲಿಸ್ಟ್ ಪಕ್ಕಕ್ಕಿಡೋದು ಯಾವಾಗ?

ಪ್ರಶ್ನೆ (ಜಕ್ಕೂರಿನ ವಿದ್ಯಾರ್ಥಿ):
ನಮಸ್ಕಾರ. ಪೈಲಟ್ ತರಬೇತಿ ಶುರುವಾಗಿ ನಾಲ್ಕು ತಿಂಗಳಾಯ್ತು. ಎಸ್‌ಒಪಿ (ಹಾರಾಟಕ್ಕೆ ನಿಗದಿಯಾದ ಕ್ರಮ) ಬಿಟ್ಟು ಆಚೆ ಈಚೆ ಹೋಗಲೇಬೇಡ ಅಂತ ದಿನವೂ ಹೇಳುತ್ತಾರೆ. ಆದರೆ ಸುರಕ್ಷತೆಗೆ ಬೇರೆ ದಾರಿಯೇ ಇಲ್ಲದಿದ್ದರೆ ಕ್ಯಾಪ್ಟನ್ ನಿಯಮ ಮೀರಬಹುದು ಅಂತ ವಿಶ್ವಸಂಸ್ಥೆಯ ವಿಮಾನಯಾನ ಅಂಗವಾದ ಐಕಾವೋದ ನಿಯಮದಲ್ಲೇ ಇದೆ. ಹಾಗಾದರೆ ಗೆರೆ ಎಲ್ಲಿ?

ಹಳೇ ಕ್ಯಾಪ್ಟನ್:
26 ವರ್ಷ ಹಾರಿಸಿ ನಿವೃತ್ತನಾದೆ. ಎರಡು ಘಟನೆ ಪಕ್ಕಪಕ್ಕ ಇಟ್ಟು ನೋಡಪ್ಪಾ.

2009ರ ಜನವರಿ 15, ನ್ಯೂಯಾರ್ಕ್. ಕ್ಯಾಪ್ಟನ್ ಸಲೆನ್‌ಬರ್ಗರ್ ಅವರ ಎ320 ವಿಮಾನಕ್ಕೆ ಸುಮಾರು 2,800 ಅಡಿಯಲ್ಲಿ ಹೆಬ್ಬಾತುಗಳು ಬಡಿದವು. ಎರಡೂ ಎಂಜಿನ್ ಕೈಕೊಟ್ಟವು. ಅದಕ್ಕಿದ್ದ ಚೆಕ್‌ಲಿಸ್ಟ್ 20,000 ಅಡಿಗಿಂತ ಮೇಲಿರುವವರಿಗೆ ಅಂತ ಬರೆದದ್ದು. ಇವರಿಗೆ ಸಿಕ್ಕಿದ್ದು ಮೂರೂವರೆ ನಿಮಿಷ. ಅಷ್ಟರಲ್ಲಿ ಅದು ಮುಗಿಯುವ ಮಾತೇ ಅಲ್ಲ. ಪಟ್ಟಿಯಲ್ಲಿ ಎಷ್ಟೋ ಕೆಳಗಿದ್ದ ಎಪಿಯುವನ್ನು ಅವರು ಮೊದಲೇ ಚಾಲೂ ಮಾಡಿದರು. ಬಾಲದಲ್ಲಿರುವ ಆ ಪುಟ್ಟ ಎಂಜಿನ್ ಕರೆಂಟು ಕೊಟ್ಟಿತು. ಅದರಿಂದ ವಿಮಾನ ಹಿಡಿತ ತಪ್ಪದಂತೆ ಕಾಯುವ ಕಂಪ್ಯೂಟರ್ ರಕ್ಷಣೆ, ಅವರು ಹಡ್ಸನ್ ನದಿಯ ನೀರಿನ ಮೇಲೆ ಇಳಿಸುವವರೆಗೂ ಉಳಿಯಿತು. 155 ಜನರೂ ಬದುಕಿದರು. ಇನ್ನೊಂದು ಗಮನಿಸು. ಪಕ್ಕದಲ್ಲಿ ಕೋ-ಪೈಲಟ್ ಸ್ಕೈಲ್ಸ್ ಚೆಕ್‌ಲಿಸ್ಟ್ ಓದಿ ಮಾಡುತ್ತಲೇ ಇದ್ದರು.

ಆಮೇಲೆ ನಮ್ಮ ಮಂಗಳೂರು, 2010ರ ಮೇ 22. ದುಬೈನಿಂದ ಬಂದ ಬೋಯಿಂಗ್ 737 ಇಳಿಯುವಾಗ ತುಂಬಾ ಎತ್ತರದಲ್ಲಿತ್ತು. ಅಂಥಾಗ ಗೋ-ಅರೌಂಡ್ ಮಾಡು, ಅಂದರೆ ಇಳಿಯೋದು ಬಿಟ್ಟು ಮತ್ತೆ ಮೇಲೇರು ಅನ್ನುತ್ತದೆ ಎಸ್‌ಒಪಿ. ಕೋ-ಪೈಲಟ್ ಮೂರು ಸಲ ಹೇಳಿದರು. ಕ್ಯಾಪ್ಟನ್ ಇಳಿಸಿಬಿಟ್ಟರು. 8,000 ಅಡಿ ರನ್‌ವೇಯಲ್ಲಿ ಸುಮಾರು 5,200 ಅಡಿ ದಾಟಿದ ಮೇಲೆ ಚಕ್ರ ಸರಿಯಾಗಿ ನೆಲ ಹಿಡಿಯಿತು. ವಿಮಾನ ನಿಲ್ಲದೆ ರನ್‌ವೇ ದಾಟಿ ಹೋಯಿತು. 158 ಜನ ಸತ್ತರು. ವಿಮಾನದಲ್ಲಿ ಏನೂ ಕೆಟ್ಟಿರಲಿಲ್ಲ. ಇನ್ನೊಂದು ಸುತ್ತು ಹಾಕಬಹುದಿತ್ತು. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ನ್ಯೂಯಾರ್ಕ್‌ನಲ್ಲಿ ಪುಸ್ತಕಕ್ಕೆ ಆ ಪರಿಸ್ಥಿತಿ ಗೊತ್ತಿರಲಿಲ್ಲ. ಮಂಗಳೂರಿನದ್ದು ಪುಸ್ತಕಕ್ಕೆ ಚೆನ್ನಾಗಿ ಗೊತ್ತಿತ್ತು. ನಾನು ಗೆರೆ ಎಳೆಯೋದು ಅಲ್ಲಿ.

ಜಕ್ಕೂರಿನ ವಿದ್ಯಾರ್ಥಿ:
ಸರ್, ಹಾಗಾದ್ರೆ ಕೋ-ಪೈಲಟ್ ತಾನೇ ಕಂಟ್ರೋಲ್ ತಗೋಬೇಕಿತ್ತು ಅಲ್ವಾ?

ಬಜ್ಪೆಯವ:
ಅವತ್ತು ಬೆಳಿಗ್ಗೆ ಎದ್ದ ಹೊಗೆ ಇನ್ನೂ ಕಣ್ಣ ಮುಂದಿದೆ. ತನಿಖಾ ವರದಿ ಪೂರ್ತಿ ಓದಿದ್ದೇನೆ. ಕೋ-ಪೈಲಟ್ ತಾನಾಗಿ ಗೋ-ಅರೌಂಡ್ ಮಾಡಬಹುದೇ ಅನ್ನೋದರ ಬಗ್ಗೆ ಸೂಚನೆಗಳಲ್ಲೇ ಗೊಂದಲ ಇತ್ತು ಅಂತ ಅದರಲ್ಲಿದೆ. ಸುಮ್ನೆ ಅವರನ್ನು ದೂರಬೇಡಿ.

ಹಳೇ ಕ್ಯಾಪ್ಟನ್:
ನಿಜ. ಆ ವರದಿ ಓದಿದ ಮೇಲೆ ಪ್ರತಿ ಕೋ-ಪೈಲಟ್‌ಗೂ ಹೊರಡುವ ಮೊದಲೇ ಹೇಳುತ್ತಿದ್ದೆ: ಎರಡು ಸಲ ಗೋ-ಅರೌಂಡ್ ಅಂದರೂ ನಾನು ಕೇಳದಿದ್ದರೆ ಮೂರನೇ ಸಲ ಬಾಯಲ್ಲಿ ಹೇಳಬೇಡ, ಕೈ ಹಾಕು. ಒಂದು ಮಳೆಗಾಲದ ಸಂಜೆ ಒಬ್ಬ ಹುಡುಗಿ ಹಾಗೇ ಮಾಡಿದಳು. ಇಳಿದ ಮೇಲೆ ಕ್ಯಾಬಿನ್ ಸಿಬ್ಬಂದಿಯ ಎದುರೇ ಅವಳಿಗೆ ಥ್ಯಾಂಕ್ಸ್ ಹೇಳಿದೆ.