ಬಾಗಿಲಲ್ಲೇ ಅಳುವ ಮಕ್ಕಳನ್ನು ಕ್ಲಾಸಿಗೆ ಹೊಂದಿಸಿದ್ದು ಹೇಗೆ? ನಿಮ್ಮ ಅನುಭವ ಹೇಳಿ

ಮನೆಯ ಹಜಾರದಲ್ಲೇ ಪುಟ್ಟ ಮಕ್ಕಳಿಗೆ ಭರತನಾಟ್ಯ ಕ್ಲಾಸ್ ಶುರು ಮಾಡಿ ಒಂದೂವರೆ ತಿಂಗಳಾಯ್ತು. 4-5 ವರ್ಷದ ಎಂಟು ಮಕ್ಕಳು, ವಾರಕ್ಕೆ ಎರಡು ದಿನ. ಇಬ್ಬರು ಅಮ್ಮನ ದುಪಟ್ಟಾ ಬಿಡುವುದೇ ಇಲ್ಲ. ಅವರನ್ನು ನೋಡಿ ಮೂರನೆಯವಳೂ ಅಳು ತೆಗೆಯುತ್ತಾಳೆ. ಬೇಜಾರಾಗದಿರಲಿ ಅಂತ ಪ್ರತಿ ಸಲ ಹೊಸ ಆಟ, ಹೊಸ ಹಾಡು ಹುಡುಕಿ ತರುತ್ತೇನೆ. ಆದರೂ ಅರ್ಧ ಕ್ಲಾಸ್ ಸಮಾಧಾನ ಮಾಡುವುದರಲ್ಲೇ ಮುಗಿಯುತ್ತದೆ. ಏನು ಮಾಡಲಿ?

*

ಮೇಡಂ, ನಾನು 16 ವರ್ಷದಿಂದ ಅಂಗನವಾಡಿ ಟೀಚರ್. ಮೊದಲು ಆ ಹೊಸ ಆಟಗಳನ್ನು ನಿಲ್ಲಿಸಿ. ಬೇಜಾರಾಗುವುದು ನಮಗೆ, ಮಕ್ಕಳಿಗಲ್ಲ. ಒಂದೇ ಕತೆಯನ್ನು ಹತ್ತು ಸಲ ಹೇಳಿಸಿಕೊಂಡು, ನಡುವೆ ಒಂದು ಮಾತು ಬಿಟ್ಟರೂ ಹಿಡಿಯುವ ವಯಸ್ಸು ಅದು, ಅಲ್ವಾ? ಅವಕ್ಕೆ ಗಡಿಯಾರ ನೋಡಲು ಬರುವುದಿಲ್ಲ. 'ಅಮ್ಮ 4 ಗಂಟೆಗೆ ಬರ್ತಾಳೆ' ಅಂದರೆ ಏನೂ ತಿಳಿಯುವುದಿಲ್ಲ. ಆದರೆ ಹಾಡು, ಆಟ, ಹಾಲು, ಊಟ, ನಿದ್ದೆ, ಆಮೇಲೆ ಅಮ್ಮ ಅನ್ನುವುದು ಎರಡೇ ವಾರದಲ್ಲಿ ಬಾಯಿಪಾಠ ಆಗುತ್ತದೆ.

ಒಬ್ಬ ಹುಡುಗ ಒಂದು ತಿಂಗಳು ಕಿಟಕಿ ಸರಳು ಹಿಡಿದು ನಿಂತೇ ಇರುತ್ತಿದ್ದ. ಕ್ಷೀರಭಾಗ್ಯದ ಹಾಲು ಕೊಡುವ ಮುಂಚೆ ಲೋಟ ಜೋಡಿಸುವ ಕೆಲಸ ಅವನಿಗೇ ವಹಿಸಿದೆ. ಸ್ಟೀಲ್ ಲೋಟಗಳನ್ನು ಒಂದೊಂದೇ ತಂದು ಗೋಡೆ ಪಕ್ಕ ಸಾಲಾಗಿ ಇಡುತ್ತಿದ್ದ, ಸೊಟ್ಟ ಕಂಡರೆ ಬಗ್ಗಿ ಬೆರಳಲ್ಲಿ ಸರಿ ಮಾಡುತ್ತಿದ್ದ. ನಾಲ್ಕನೇ ದಿನ ಚಪ್ಪಲಿ ಬಿಡುವ ಮೊದಲೇ 'ಮಿಸ್, ಲೋಟ?' ಅಂದ. ನಿಮ್ಮ ಆ ಇಬ್ಬರಿಗೂ ದಿನಾ ಅದೇ ಒಂದು ಕೆಲಸ ಕೊಟ್ಟು ನೋಡಿ. ಚಾಪೆ ಹಾಸುವುದಾದರೂ ಸರಿ.

ಇನ್ನೊಂದು, ಕಣ್ಣು ತಪ್ಪಿಸಿ ಹೋಗಲು ಅಮ್ಮಂದಿರಿಗೆ ಹೇಳಲೇಬೇಡಿ. ಮೊದಮೊದಲು ನಾನೂ 'ಅಲ್ಲಿ ನೋಡು ಗುಬ್ಬಿ' ಅಂತ ತೋರಿಸಿ ಅಮ್ಮನನ್ನು ಕಳಿಸುತ್ತಿದ್ದೆ. ಮಗು ತಿರುಗಿದರೆ ಅಮ್ಮ ಇಲ್ಲ. ಮರುದಿನದಿಂದ ಗುಬ್ಬಿ ಇರಲಿ, ಆನೆ ಬಂದರೂ ಅದು ಅಮ್ಮನ ಮೇಲಿನ ಕಣ್ಣು ತೆಗೆಯುವುದಿಲ್ಲ. ಈಗ ಬಾಗಿಲಲ್ಲಿ ಒಂದು ಮುತ್ತು, ಒಂದು ಟಾಟಾ, ಅಷ್ಟೇ. ನಾವು ಹೊರಡುವಾಗ 'ಹೋಗ್ತೀನಿ' ಅನ್ನುವುದಿಲ್ಲ, 'ಬರ್ತೀನಿ' ಅನ್ನುತ್ತೇವಲ್ಲ, ಮಗುವಿಗೆ ಬೇಕಾದ್ದು ಆ ಮಾತೇ. ಹೇಳಿದ ಮೇಲೆ ಅಮ್ಮ ಹೊರಟುಬಿಡಬೇಕು, ಅಳು ಕೇಳಿ ಮತ್ತೆ ತಿರುಗಿ ಬರಬಾರದು.

ದಸರಾ ರಜೆ ಮುಗಿದ ಮೇಲೆ ಎಲ್ಲ ಮತ್ತೆ ಶುರುವಾಗುತ್ತದೆ. ಗಾಬರಿ ಬೇಡ. ಅದೇ ಕ್ರಮ ಹಿಡಿದರೆ ಈ ಸಲ ಬೇಗ ಹೊಂದಿಕೊಳ್ಳುತ್ತವೆ.

*

ನಾನೂ ನೃತ್ಯ ಕಲಿಸುತ್ತೇನೆ, ಮೈಸೂರಿನಲ್ಲಿ. ಟೀಚರ್ ಹೇಳಿದ ಕ್ರಮ ನಮ್ಮ ಕಲೆಯಲ್ಲೇ ಇದೆಯಲ್ಲ! ಶುರುವಿಗೊಂದು ನಮಸ್ಕಾರ, ಕೊನೆಗೊಂದು ನಮಸ್ಕಾರ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಎಂಟು ಪುಟ್ಟ ವೃತ್ತ ಬರೆಯಿರಿ, ಪ್ರತಿ ಮಗುವಿಗೂ ತನ್ನದೇ ಜಾಗ. ತಾಳ ಹಾಕುವ ತಟ್ಟುಮಣೆಯ ಸದ್ದು ಕೇಳಿದರೆ ಎಲ್ಲರೂ ವೃತ್ತಕ್ಕೆ ಬರಬೇಕು. ನಮಸ್ಕಾರ, ಆಮೇಲೆ 'ತೈಯಾ ತೈ' ಹೆಜ್ಜೆ ಒಂದೇ ವೇಗದಲ್ಲಿ, ನಿಧಾನವಾಗಿ. ಅರಮಂಡಿ (ಮಂಡಿ ಬಗ್ಗಿಸಿ ಅರ್ಧ ಕೂತಂತೆ ನಿಲ್ಲುವ ಭಂಗಿ) ಸರಿಯಿಲ್ಲ ಅಂತ ಈಗಲೇ ತಿದ್ದಬೇಡಿ. ಕೊನೆಯ ನಮಸ್ಕಾರ ಅಂದರೆ ಅಮ್ಮ ಬಂದಳು ಅಂತ ಲೆಕ್ಕ, ಹಾಗಾಗಿ ಆ ಹೊತ್ತಿಗೆ ಮನೆಯವರು ಬಾಗಿಲಲ್ಲಿ ಇರಲೇಬೇಕು. ಒಂದು ದಿನ ಒಬ್ಬ ಮಗುವಿನ ಅಪ್ಪ ಕಾಲು ಗಂಟೆ ತಡವಾಗಿ ಬಂದರು. ಮುಂದಿನ ಎರಡು ವಾರ ಆ ಮಗು ಕೊನೆಯ ನಮಸ್ಕಾರಕ್ಕೆ ಕೈ ಜೋಡಿಸಲೇ ಇಲ್ಲ.

*

ನಾವು ಇರುವುದು ನ್ಯೂಜೆರ್ಸಿಯಲ್ಲಿ. ಮಗಳು ಭಾನುವಾರದ ಕನ್ನಡ ಕ್ಲಾಸಿಗೆ ಹೋಗುತ್ತಾಳೆ. ವಾರಕ್ಕೆ ಒಂದೇ ದಿನ ಆದ್ದರಿಂದ ನಡುವೆ ಎಲ್ಲ ಮರೆತು, ಪ್ರತಿ ಭಾನುವಾರ ಮೊದಲ ದಿನದಂತೆಯೇ ಅಳುತ್ತಿದ್ದಳು. ಕ್ಲಾಸ್ ಶುರುವಾಗುವಾಗ ಹಾಡುವ ಹಾಡನ್ನು ಮನೆಯಲ್ಲೂ ರಾತ್ರಿ ಊಟಕ್ಕೆ ಮೊದಲು ಹಾಡತೊಡಗಿದೆವು. ಅದು ತುಂಬಾ ಸಹಾಯ ಮಾಡಿತು. ಆದರೆ ಎಲ್ಲರ ಜೊತೆ ವೃತ್ತವಾಗಿ ಕೂರುವುದು ಅವಳಿಗೆ ಆಗುತ್ತಿರಲಿಲ್ಲ. ಟೀಚರ್ ಬಲವಂತ ಮಾಡಲಿಲ್ಲ. ಮೂರು ಭಾನುವಾರ ಬ್ಯಾಗನ್ನು ತೊಡೆ ಮೇಲಿಟ್ಟುಕೊಂಡು ಗೋಡೆಗೆ ಒರಗಿ ಕೂತಿದ್ದಳು. ನಾಲ್ಕನೇ ವಾರ ತಾನೇ ಎದ್ದು ಹೋಗಿ ಎಲ್ಲರ ಬ್ಯಾಗಿನ ಸಾಲಿನಲ್ಲಿ ತನ್ನದನ್ನೂ ಇಟ್ಟಳು.

*

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದೇ ಅನುಮಾನ, ಅಮ್ಮಂದಿರು ಒಳಗೆ ಕೂರಬಹುದಾ?

*

ಧಾರಾಳವಾಗಿ ಕೂರಲಿ ಮೇಡಂ. ಮೊದಲ ವಾರ ಚಾಪೆ ಪಕ್ಕ, ಎರಡನೇ ವಾರ ಬಾಗಿಲ ಹತ್ತಿರ, ಆಮೇಲೆ ಹೊರಗೆ ಜಗಲಿಯಲ್ಲಿ. ಜಾಗ ಬದಲಾಗುವ ದಿನ ಮಗುವಿಗೆ ಮೊದಲೇ ಹೇಳಿ. ಮತ್ತೆ, ಅವರು ಮಗುವನ್ನೇ ದಿಟ್ಟಿಸಿ ನೋಡುತ್ತಾ ಕೂರುವುದು ಬೇಡ, ಸುಮ್ನೆ ಹೂ ಕಟ್ಟುತ್ತಲೋ ಸೊಪ್ಪು ಬಿಡಿಸುತ್ತಲೋ ಇರಲಿ.